ಎಲ್ಲರೂ ಐದು ಅಂಕ ಕೊಟ್ಟ ಎಣ್ಣೆ

ಆ ಮಳೆಗಾಲದಲ್ಲಿ ನನ್ನ ಕೆಲಸ ಇಷ್ಟೇ: ಮನೆ ಮನೆಗೆ ಹೋಗಿ, ಒಂದೇ ಎಣ್ಣೆಯ ಮೂರು ಪೊಟ್ಟಣ ತೋರಿಸಿ, ಯಾವುದನ್ನು ಕೊಳ್ಳುತ್ತೀರಿ ಎಂದು ಕೇಳುವುದು. ಕೇಳಿದರೆ ಬಲು ಸುಲಭ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿ ಒಪ್ಪಿಕೊಂಡಿದ್ದೆ.

ಎಣ್ಣೆ ಹತ್ತಿಕಾಳಿನದು. ನಮ್ಮ ಕಡೆ ಬೆಳೆಯುವ ಹತ್ತಿ ಹೆಚ್ಚುಕಡಿಮೆ ಎಲ್ಲವೂ ಬಿ.ಟಿ. ಹತ್ತಿ, ಅಂದರೆ ಕಾಯಿಕೊರಕ ಹುಳುವನ್ನು ತಡೆಯಲೆಂದು ಬೇರೊಂದು ಜೀವಿಯ ಗುಣವನ್ನು ಬೀಜದೊಳಗೇ ಸೇರಿಸಿದ ಕುಲಾಂತರಿ ತಳಿ. ಅರಳೆ ಒಂದು ದಾರಿ ಹಿಡಿಯುತ್ತದೆ, ಕಾಳು ಎಣ್ಣೆ ಗಿರಣಿಯ ದಾರಿ ಹಿಡಿಯುತ್ತದೆ, ಎಣ್ಣೆ ಎಲ್ಲೆಲ್ಲೋ ಸುತ್ತಿ ಕೊನೆಗೆ ಭಜಿ ಕರಿಯುವ ಬಾಣಲೆಗೆ ಬಂದು ಬೀಳುತ್ತದೆ. ಈ ಸಂಗತಿಯನ್ನು ಪೊಟ್ಟಣದ ಮೇಲೆ ಬರೆದರೆ ಜನ ಏನನ್ನುತ್ತಾರೆ, ಹೇಗೆ ಬರೆದರೆ ಏನನ್ನುತ್ತಾರೆ ಎಂಬುದೇ ಅಧ್ಯಯನದ ವಿಷಯ. ಮೊದಲ ಪೊಟ್ಟಣದ ಲೇಬಲ್ಲಿನಲ್ಲಿ ‘ಶುದ್ಧೀಕರಿಸಿದ ಹತ್ತಿಕಾಳಿನ ಎಣ್ಣೆ’ ಎಂದಷ್ಟೇ ಇತ್ತು. ಎರಡನೆಯದರಲ್ಲಿ ‘ಕುಲಾಂತರಿ ಬಿ.ಟಿ. ಹತ್ತಿಯ ಕಾಳಿನಿಂದ ತಯಾರಿಸಿದ್ದು’ ಎಂಬ ಸಾಲು ಸೇರಿತ್ತು. ಮೂರನೆಯದರಲ್ಲಿ ಅದರ ಕೆಳಗೆ ಇನ್ನೆರಡು ಸಾಲಿನ ವಿವರಣೆ: ಈ ಹತ್ತಿ ನಿಮ್ಮ ಭಾಗದ ಹೊಲಗಳಲ್ಲೇ ಬೆಳೆದದ್ದು, ಶುದ್ಧೀಕರಿಸಿದ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಬರೆದದ್ದೆಲ್ಲ ನಿಜವೇ, ಒಳಗಿನ ಎಣ್ಣೆಯೂ ಒಂದೇ.

ನಾನು ಕರಾರಿನ ಮೇಲೆ ದುಡಿಯುವ ಸಮೀಕ್ಷಕಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದೂ ಊರುಗಳ ಕ್ಷೇತ್ರಕಾರ್ಯ ನನ್ನ ತಲೆಯ ಮೇಲಿತ್ತು. ವರದಿ ಚೆನ್ನಾಗಿ ಬಂದರೆ ಕರಾರು ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದು ಯೋಜನೆಯ ಮುಖ್ಯಸ್ಥರು ಮೊದಲ ದಿನವೇ ಹೇಳಿದ್ದರು. ಅವರು ಮೈಸೂರಿನ ಕಡೆಯವರು, ಕಲಬುರಗಿಯ ಕಚೇರಿಯಲ್ಲಿ ಕೂರುತ್ತಿದ್ದರು. ನನ್ನ ಜೊತೆಗೆ ಚಿಂಚೋಳಿಯ ಕಡೆಯ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವವಳು, ನಡಿಗೆಯಲ್ಲಿ ನನಗಿಂತ ಗಟ್ಟಿ.

ಸೇಡಂನಿಂದ ಶುರು ಮಾಡಿದೆವು. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿ ಮೆತ್ತಿ ಹೆಜ್ಜೆಗೊಂದು ಸೇರು ಭಾರ. ಆದರೆ ಮನೆಯ ಬಾಗಿಲಿಗೆ ಹೋದರೆ ಸಾಕು, ಒಳಗಿಂದ ದನಿ ಬರುತ್ತಿತ್ತು.

“ಬರ್ರಿ ಅಕ್ಕೋರೆ, ಹೊರಗ ಯಾಕ ನಿಂತೀರಿ? ಕುಂದ್ರಿ, ಚಾ ಇಡ್ತೀನಿ.”

ಚಹಾ ಕುಡಿದು, ಮಳೆಯ ಮಾತಾಡಿ, ಆಮೇಲೆ ಚೀಲದಿಂದ ಪೊಟ್ಟಣಗಳನ್ನು ತೆಗೆದು ಒಂದೊಂದನ್ನೇ ಕೈಗೆ ಕೊಡುತ್ತಿದ್ದೆ. ಓದಲು ಬಾರದವರಿಗೆ ನಾನೇ ಓದಿ ಹೇಳುತ್ತಿದ್ದೆ. ಆಮೇಲೆ ಐದು ಮುಖಗಳ ಚಿತ್ರವಿದ್ದ ಕಾರ್ಡು ಹಿಡಿಯುತ್ತಿದ್ದೆ. ಅಳುವ ಮುಖಕ್ಕೆ ಒಂದು, ನಗುವ ಮುಖಕ್ಕೆ ಐದು.

“ದುಕಾನದಾಗ ಇದು ಕಂಡ್ರ ತಗೋತೀರೇನ್ರಿ? ಒಂದಂದ್ರ ಬ್ಯಾಡೇ ಬ್ಯಾಡ, ಐದಂದ್ರ ಬೇಕೇ ಬೇಕು.”

“ಐದೇ ಬರ್ಕೋರಿ.”

“ಮತ್ತ ಈ ಎರಡನೇದ್ದು?”

“ಅದಕ್ಕೂ ಐದೇ ಬರ್ಕೋರಿ. ಎಲ್ಲಾ ಛಲೋನೇ ಅವ.”

ಕೊನೆಯಲ್ಲಿ ಚೀಟಿ ಎತ್ತಿಸಿ, ಬಂದ ಸಂಖ್ಯೆಯ ಪೊಟ್ಟಣವನ್ನು ನೆನಪಿನ ಕಾಣಿಕೆಯಾಗಿ ಕೊಡಬೇಕೆಂಬುದು ನಿಯಮ. ಅವರು ನನ್ನ ಹಣೆಗೆ ಕುಂಕುಮ ಹಚ್ಚಿ, ಸೆರಗು ಒಡ್ಡಿ ಪೊಟ್ಟಣ ಈಸಿಕೊಳ್ಳುತ್ತಿದ್ದರು. ನಾನು ಚಿತ್ತಾಪುರದಲ್ಲೇ ಹುಟ್ಟಿ ಬೆಳೆದವಳು, ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಮನೆಗೆ ಬಂದ ಹೆಂಗಸಿಗೆ ಕುಂಕುಮ ಹಚ್ಚದೆ ಕಳಿಸುವುದುಂಟೆ, ಕೊಟ್ಟದ್ದನ್ನು ಬರಿಗೈಯಲ್ಲಿ ಈಸಿಕೊಳ್ಳುವುದುಂಟೆ?

ಸೇಡಂ ಮುಗಿದು ಚಿತ್ತಾಪುರವೂ ಮುಗಿಯಿತು. ಮೂರು ವಾರದಲ್ಲಿ ಫಾರಂಗಳ ಎರಡು ದಪ್ಪ ಗಂಟು. ಎಲ್ಲಿ ತೆರೆದರೂ ಐದು, ಐದು, ಐದು. ಮುಖ್ಯಸ್ಥರು ಫೋನಿನಲ್ಲಿ ಹಿಗ್ಗಿದರು.

“ಬಹಳ ಒಳ್ಳೇ ಫಲಿತಾಂಶ ಕಣಮ್ಮ. ಏನೇ ಬರೆದರೂ ಜನ ತಲೆ ಕೆಡಿಸಿಕೊಳ್ಳಲ್ಲ ಅಂತಾಯ್ತಲ್ಲ. ಇನ್ನು ಮೂರು ಊರು ಹೀಗೇ ಮುಗಿಸಿಬಿಡಿ.”

ನಾನೂ ಹಿಗ್ಗಿದೆ. ಸುಳ್ಳೇಕೆ ಹೇಳಲಿ, ಮುಂದಿನ ವರ್ಷದ ಮನೆ ಬಾಡಿಗೆ ಕಣ್ಣೆದುರು ಬಂತು.

ವಾಡಿಗೆ ಹೊರಡುವ ಮೊದಲು ಸೇಡಂ ಪಕ್ಕದ ಮಳಖೇಡದಲ್ಲಿ ನಾಲ್ಕು ಮನೆ ಉಳಿದಿದ್ದವು. ಒಂದು ಮಧ್ಯಾಹ್ನ ಅವನ್ನು ಮುಗಿಸಿ ಸೇಡಂಗೆ ಬಂದ ಮೇಲೆ ಮುಖದ ಕಾರ್ಡು ಅಲ್ಲೇ ಮರೆತದ್ದು ಗೊತ್ತಾಯಿತು. ಮರುದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಆ ಮನೆಯ ಗೃಹಿಣಿ ಆಗತಾನೇ ಸ್ನಾನ ಮಾಡಿ ದೇವರ ಮಾಡದ ಮುಂದೆ ಕೂತಿದ್ದರು. ಪಕ್ಕದಲ್ಲಿ ನನ್ನದೇ ಎರಡನೆಯ ನಮೂನೆಯ ಪೊಟ್ಟಣ, ಮೂಲೆ ಕತ್ತರಿಸಿ ಲೋಟದಲ್ಲಿ ನಿಲ್ಲಿಸಿತ್ತು. ಅದರ ಎಣ್ಣೆಯನ್ನು ದೀಪಕ್ಕೆ ಹಾಕುತ್ತಿದ್ದರು.

“ದೀಪಕ್ಕ ಹಾಕ್ಲಿಕತ್ತೀರೇನ್ರಿ?” ಎಂದೆ.

“ಹೌದ್ರಿ. ಉರೀಲಿಕ್ಕ ಏನಾಗ್ತದ, ಛಲೋನೇ ಉರೀತದ. ಮಕ್ಕಳಿಗಿ ಹ್ಯಾಂಗ ಉಣಸ್ಲಿ ಇದನ್ನ?”

“ನಿನ್ನಿ ಐದು ಬರ್ಕೋರಿ ಅಂದಿದ್ರಲ್ಲ?”

ಅವರು ತಲೆ ತಗ್ಗಿಸಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಬತ್ತಿ ಸರಿಪಡಿಸಿ ನನ್ನ ಕಡೆ ತಿರುಗಿದರು.

“ಅಕ್ಕೋರೆ, ನೀವು ಮಳ್ಯಾಗ ತೊಯ್ಸಿಕೊಂಡು ಮನಿ ತನಕಾ ಬಂದೀರಿ. ಚಾ ಕುಡದೀರಿ, ಕುಂಕುಮ ಹಚ್ಚಿಸ್ಕೊಂಡೀರಿ. ನಿಮ್ಮ ಕೈಲೆ ಕೊಟ್ಟದ್ದು ಇದು ನಮಗ ಬ್ಯಾಡ ಅಂತ ಹ್ಯಾಂಗ ಅನ್ಲಿ? ನೀವಾದ್ರ ಅಂತಿದ್ರೇನ್ರಿ?”

ನಾನಾದರೂ ಅನ್ನುತ್ತಿರಲಿಲ್ಲ. ಆದರೂ ಬಿಡದೆ ಕೇಳಿದೆ, ಬೇಡವೆನ್ನಿಸಿದ್ದು ಯಾಕೆ ಎಂದು. ಅವರು ಎದ್ದು ಜಂತಿಯ ಸಂದಿಗೆ ಸಿಕ್ಕಿಸಿದ್ದ ಖಾಲಿ ಬೀಜದ ಪಾಕೀಟು ತೆಗೆದು ತಂದರು.

“ಓದ್ರಿ. ಬಿಟಿ ಅಂತ ಇಲ್ಲೂ ಬರದದ, ನಿಮ್ಮ ಎಣ್ಣಿ ಮ್ಯಾಲೂ ಬರದದ. ಇದರಾಗಿನ ಬೀಜ ಕೆಂಪಗ ಇರ್ತಾವ, ಔಷಧ ಹಚ್ಚಿರ್ತಾರ. ಊರಿ ಬಂದ ಮ್ಯಾಲ ಎರಡೆರಡು ಸಲ ಸಾಬೂನ ಹಚ್ಚಿ ಕೈ ತೊಳಿತೀವಿ. ತಿನ್ನಬಾರದು ಅಂತ ಪಾಕೀಟಿನ ಮ್ಯಾಲೇ ಅದ. ಇಂಥಾದರ ಎಣ್ಣಿ ಅಂದ್ರ ಯಾರು ಉಣ್ತಾರ್ರಿ?”

ನಾನು ವಿವರಿಸಿದೆ. ಔಷಧ ಹಚ್ಚಿದ ಕೆಂಪು ಬೀಜ ಮಣ್ಣಿಗೆ ಹೋಗುತ್ತದೆ, ಎಣ್ಣೆ ತೆಗೆಯುವುದು ಮುಂದೆ ಗಿಡದ ಕಾಯಿಯಲ್ಲಿ ಬಲಿತ ಹೊಸ ಕಾಳಿನಿಂದ, ಬಿ.ಟಿ. ಎನ್ನುವುದು ಆ ಬಣ್ಣದ ಹೆಸರಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಹಂಗಂತ ಇದರ ಮ್ಯಾಲ ಬರದಿಲ್ಲಲ್ರಿ.”

ಕಾಗಿಣಾ ನದಿಯ ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತ ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬಂತು. ಹೊರಗಿನಿಂದ ಬಂದವರು ಈ ತಪ್ಪು ಮಾಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ನೆಲದವಳಾಗಿ, ನೂರು ಸಲ ಸೆರಗು ಒಡ್ಡಿದವಳಾಗಿ, ನಾನೇ ಜನರ ಬಾಯಿ ಕಟ್ಟಿ ಹಾಕಿ ಆಮೇಲೆ ಅಭಿಪ್ರಾಯ ಹೇಳಿ ಎಂದು ಕೂತಿದ್ದೆ.

ಸೇಡಂ ಬಸ್ ನಿಲ್ದಾಣದಲ್ಲಿ ಜೊತೆಗಾತಿಗೆ ಎಲ್ಲ ಹೇಳಿದೆ. ಅವಳ ಮುಖ ಬಾಡಿತು.

“ಅಕ್ಕಾ, ಒಬ್ಬಾಕಿ ಹಂಗಂದ್ರ ಎಲ್ಲಾರೂ ಹಂಗೇ ಏನು? ತಿರಗಿ ತಿರಗಿ ನನ್ನ ಕಾಲು ಬಿದ್ದು ಹೋಗ್ಯಾವ.”

ಅವಳ ಪ್ರಶ್ನೆ ಸರಿಯಾದದ್ದೇ. ಹಾಗಾಗಿ ಎರಡು ದಿನ ಹಳೆಯ ಮನೆಗಳಿಗೇ ತಿರುಗಿ ಹೋದೆವು, ಈ ಸಲ ಫಾರಂ ಇಲ್ಲದೆ. ಕೊಟ್ಟ ಪೊಟ್ಟಣ ಈಗ ಎಲ್ಲಿದೆ ಎಂದಷ್ಟೇ ವಿಚಾರಿಸಿದೆವು. ಮೊದಲ ಲೇಬಲ್ಲಿನವು ಒಲೆಯ ಪಕ್ಕ ಅರ್ಧ ಖಾಲಿಯಾಗಿದ್ದವು. ಎರಡನೆಯದು ಒಂದು ಮನೆಯಲ್ಲಿ ನೆಲುವಿನ ಮೇಲೆ ಒಡೆಯದೆ ಕೂತಿತ್ತು, ಇನ್ನೊಂದರಲ್ಲಿ ನೆಗೆಣ್ಣಿಗೆ ದಾಟಿತ್ತು, ಮತ್ತೊಂದರಲ್ಲಿ ಚಕ್ಕಡಿಯ ಅಚ್ಚಿಗೆ ಬಿದ್ದಿತ್ತು. ಚಿತ್ತಾಪುರದಲ್ಲಿ ನನ್ನ ಸ್ವಂತ ಚಿಕ್ಕಮ್ಮ, ಮೂರಕ್ಕೂ ಐದು ಕೊಟ್ಟು ಹರಸಿ ಕಳಿಸಿದವಳು, ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟುಕೊಂಡಿದ್ದಳು. “ಈಗ ಕಿರ್ ಅನ್ನೂದಿಲ್ಲ ನೋಡು” ಎಂದು ಬಾಗಿಲು ಹಾಕಿ ತೆಗೆದು ತೋರಿಸಿದಳು. ನನಗೆ ನಗು ಬಂತು, ಅಳುವೂ ಬಂತು.

ಅಲ್ಲಿಗೆ ನಿರ್ಧಾರವಾಯಿತು. ಮೂರು ವಾರದ ಫಾರಂಗಳು ಕೆಲಸಕ್ಕೆ ಬಾರವು, ಹೊಸದಾಗಿ ಶುರು ಮಾಡಬೇಕು. ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿದೆ.

“ಅಲ್ಲಮ್ಮ, ಅವರು ಬಾಯಿಬಿಟ್ಟು ಹೇಳಿದ್ದನ್ನ ನೀವು ಬರೆದುಕೊಂಡಿದ್ದೀರಿ. ಅದರಲ್ಲಿ ತಪ್ಪೇನಿದೆ?”

“ಅವ್ರು ನಮಗ ಮರ್ಯಾದಿ ಕೊಟ್ಟಾರ್ರಿ ಸರ್. ಎಣ್ಣಿಗೆ ಅಂಕ ಕೊಟ್ಟಿಲ್ಲ.”

ವಾದ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ನಾನು ಪಟ್ಟು ಬಿಡುವುದಿಲ್ಲವೆಂದು ತಿಳಿದು ಅವರು ಒಂದು ತಿಂಗಳು ಕೊಟ್ಟರು. ಐದೂ ಊರು ಅಷ್ಟರಲ್ಲೇ ಆಗಬೇಕು, ಹೆಚ್ಚಿನ ಜನ ಸಿಗುವುದಿಲ್ಲ. ಒಪ್ಪಿಕೊಂಡೆ.

ಹೊಸ ವಿಧಾನವನ್ನು ನಾನೂ ಜೊತೆಗಾತಿಯೂ ವಾಡಿಯ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆದೆವು. ಯಾರ ಮನೆಗೂ ಹೋಗುವುದಿಲ್ಲ. ಪೊಟ್ಟಣವನ್ನು ಯಾರ ಕೈಗೂ ಕೊಡುವುದಿಲ್ಲ. ಊರಿನ ಕಿರಾಣಿ ಅಂಗಡಿಯ ಒಳಮೂಲೆಯಲ್ಲಿ ಮೂರೂ ಬಗೆಯ ಪೊಟ್ಟಣ ಜೋಡಿಸಿ, ಪ್ರತಿಯೊಂದರ ಪಕ್ಕ ಒಂದು ಡಬ್ಬಿ ಇಡುವುದು. ಒಪ್ಪಿದ ಹೆಂಗಸಿಗೆ ಒಂದು ಚೀಟಿ. ಅವರೊಬ್ಬರೇ ಒಳಗೆ ಹೋಗಿ, ಬೇಕಾದ್ದನ್ನು ತೆಗೆದುಕೊಂಡು, ಅದರ ಡಬ್ಬಿಗೆ ಚೀಟಿ ಹಾಕಿ, ವಸ್ತುವನ್ನು ಕೈಚೀಲದಲ್ಲಿ ಮುಚ್ಚಿಕೊಂಡು ಬರಬೇಕು. ಎಣ್ಣೆಯೇ ಬೇಡವೆನ್ನುವವರಿಗೆ ನಾಲ್ಕನೆಯದಾಗಿ ಒಂದು ಪೊಟ್ಟಣ ಬೆಲ್ಲ. ಹೀಗೆ ಮಾಡಿದರೆ ಎಣ್ಣೆ ಬೇಡವೆಂದವರು ನಮ್ಮನ್ನು ಬೇಡವೆಂದಂತಾಗುವುದಿಲ್ಲ. ನಾವು ಹೊರಗೆ ಕಟ್ಟೆಯ ಮೇಲೆ ಕೂತು, ಏನು ತಗೊಂಡಿರಿ ಎನ್ನದೆ, ಯಾಕೆ ಅದನ್ನು ತಗೊಂಡಿರಿ ಎಂದು ಮಾತ್ರ ಕೇಳುವುದು.

ವಾಡಿಯಲ್ಲಿ ಮೊದಲ ದಿನವೇ ಕೆಟ್ಟಿತು. ಎಲ್ಲರ ಚೀಟಿಯೂ ಮೂರನೆಯ ಡಬ್ಬಿಗೇ ಬೀಳತೊಡಗಿತು. ಇಣುಕಿ ನೋಡಿದರೆ ಅಂಗಡಿಯ ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಹೇಳುತ್ತಿದ್ದರು, “ಅಲ್ಲಿ ಕಡೀದು ತಗೊಳ್ರಿ, ಅದರಾಗ ಭಾಳ ಬರದಾರ, ಮಾಲ್ ಪಕ್ಕಾ ಇರ್ತದ.” ಪಾಪ, ಅವರು ನಮಗೆ ಸಹಾಯ ಮಾಡುತ್ತಿದ್ದೇನೆಂದೇ ತಿಳಿದಿದ್ದರು. ಆ ದಿನದ ಚೀಟಿಗಳನ್ನು ಬದಿಗಿಟ್ಟು, ಮರುದಿನ ಜಾಗವನ್ನು ಅವರ ಕಣ್ಣಿಗೆ ಬೀಳದಂತೆ ಅಕ್ಕಿ ಮೂಟೆಗಳ ಹಿಂದೆ ಹಾಕಿದೆವು.

ಶಹಾಬಾದಿನಲ್ಲಿ ಬೇರೆ ಪೇಚು. ಎರಡೇ ದಿನಕ್ಕೆ ಬೆಲ್ಲವೆಲ್ಲ ಖಾಲಿ, ಎಣ್ಣೆ ಹಾಗೇ ಇದೆ. ಲೇಬಲ್ಲಿಗೆ ಇಷ್ಟು ಹೆದರಿಕೆಯೇ ಎಂದು ನಾನು ಪುಟಗಟ್ಟಲೆ ಟಿಪ್ಪಣಿ ಬರೆದೆ. ಜೊತೆಗಾತಿ ಕಟ್ಟೆಯ ಮೇಲೆ ಕೂತು ನಕ್ಕಳು.

“ಅಕ್ಕಾ, ನಾಡದು ನಾಗರ ಪಂಚಮಿ. ಉಂಡಿ ಕಟ್ಟಬೇಕಲ್ಲ, ಬೆಲ್ಲ ಯಾರು ಬಿಡ್ತಾರ?”

ಬರೆದ ಪುಟಗಳನ್ನು ಹರಿದು ಹಾಕಿದೆ. ಬೆಲ್ಲದ ಜಾಗಕ್ಕೆ ಬಟ್ಟೆ ಸಾಬೂನು ಬಂತು. ಮತ್ತೆ ಮೊದಲಿಂದ ಶುರು. ಅಷ್ಟು ಸಲ ಮೊದಲಿಂದ ಶುರು ಮಾಡಿದ ಕೆಲಸ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಆದರೆ ಪ್ರತಿ ಸಲವೂ ಒಂದು ಸುಳ್ಳು ಕಡಿಮೆಯಾಗುತ್ತಿತ್ತು, ಅದೇ ಧೈರ್ಯ ಕೊಡುತ್ತಿತ್ತು.

ಈಗ ಡಬ್ಬಿಗಳು ಬೇರೆ ಬೇರೆಯಾಗಿ ಮಾತಾಡತೊಡಗಿದವು. ಎಲ್ಲೆಲ್ಲೂ ಮೊದಲನೆಯದು ಬೇಗ ಖಾಲಿ, ಎರಡನೆಯದು ಕೂತಲ್ಲೇ ಕೂತಿರುತ್ತಿತ್ತು. ಮೂರನೆಯದರ ಗತಿ ಊರಿಗೊಂದು. ವಾಡಿ, ಶಹಾಬಾದಿನಲ್ಲಿ ಸಿಮೆಂಟು ಕಾರ್ಖಾನೆ, ಕಲ್ಲುಗಣಿಗಳಲ್ಲಿ ದುಡಿಯುವ ಮನೆಗಳವರು ವಿವರಣೆ ಓದಿ, ಅಥವಾ ಜೊತೆಗೆ ಬಂದ ಮಕ್ಕಳಿಂದ ಓದಿಸಿಕೊಂಡು, ಅದನ್ನು ನಂಬಿ ತೆಗೆದುಕೊಂಡರು. “ಇಷ್ಟು ಬರದಾರಂದ್ರ ಮುಚ್ಚಿಟ್ಟಿಲ್ಲ ಅಂದಂಗಾಯ್ತಲ್ರಿ” ಎಂದರು ಒಬ್ಬರು. ಚಿಂಚೋಳಿ ತಾಲ್ಲೂಕಿನ ಸುಲೇಪೇಟದಲ್ಲಿ ಹತ್ತಿ ಬೆಳೆಯುವ ಮನೆಯವರು ಅದೇ ವಿವರಣೆ ಓದಿ ಸಾಬೂನು ತಂದರು.

ಅಲ್ಲಿ ಒಬ್ಬ ಹಿರಿಯ ಹೆಂಗಸು ಅಂಗಡಿಯಿಂದ ಹೊರಗೆ ಬಂದವರೇ ಚೀಲ ಬಿಚ್ಚಿ ಸಾಬೂನು ತೋರಿಸಿ, ನಮ್ಮ ಎದುರಿಗೇ ಕೂತರು.

“ಎಣ್ಣಿ ಬ್ಯಾಡ ನಂಗ. ಯಾಕ ಅಂತ ಕೇಳ್ತೀರಲ್ಲ, ಹೇಳ್ತೀನಿ ಬರ್ಕೋರಿ. ಔಷಧ ಹಚ್ಚಿದ ಬೀಜ ಬ್ಯಾರೆ, ಎಣ್ಣಿ ಕಾಳು ಬ್ಯಾರೆ ಏನು? ಬ್ಯಾರೆ ಆದ್ರ ಅದನ್ನ ಮೊದಲ ಬರೀರಿ. ನಮ್ಮೂರಾಗ ಬೆಳದದ್ದು ಅಂತ ನಮಗೇ ಏನ್ ಹೇಳ್ತೀರಿ, ಅದು ನಮಗ ಗೊತ್ತಿಲ್ಲೇನು?”

ಮೊದಲ ಸಲ ಒಬ್ಬರು ನನ್ನ ಮುಖದ ಮೇಲೇ ಬೇಡ ಅಂದಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡೆ. ಮಳಖೇಡದಲ್ಲಿ ಕೇಳಿದ್ದೂ ಇದನ್ನೇ, ಆಮೇಲೆ ಸೇಡಂ, ಚಿತ್ತಾಪುರಗಳ ಅಂಗಡಿಗಳ ಮುಂದೆ ಕೂತಾಗಲೂ ಇದನ್ನೇ ಕೇಳಿದೆವು. ಹತ್ತಿಯನ್ನು ಕೈಯಾರೆ ಬಿತ್ತುವವರು ಲೇಬಲ್ಲನ್ನು ಬೀಜದ ಪಾಕೀಟಿನ ಪಕ್ಕ ಇಟ್ಟು ಓದುತ್ತಿದ್ದರು. ಅವರಿಗಿದ್ದ ಒಂದೇ ಪ್ರಶ್ನೆಗೆ ನಮ್ಮ ಮೂರೂ ಲೇಬಲ್ಲುಗಳಲ್ಲಿ ಉತ್ತರವಿರಲಿಲ್ಲ.

ಕೊಟ್ಟ ತಿಂಗಳು ಮುಗಿಯಲು ಎರಡು ದಿನ ಮುಂಚೆ ಎಲ್ಲ ಕಾಗದ ಹೊತ್ತು ಕಲಬುರಗಿಗೆ ಹೋದೆ. ಮುಖ್ಯಸ್ಥರು ನಿಷ್ಠುರರಲ್ಲ. ಹೊಸ ಫಲಿತಾಂಶವನ್ನು ಸಮಾಧಾನದಿಂದ ಓದಿದರು, ಸುಲೇಪೇಟದ ಮಾತಿಗೆ ತಲೆದೂಗಿದರು, ವರದಿಯ ಕರಡು ತಾವೇ ಬರೆದರು. ವಾರದ ನಂತರ ಸಹಿಗೆಂದು ಕರೆಸಿದರು. ನಾನು ಎರಡನೆಯ ಪುಟಕ್ಕೇ ನಿಂತೆ. ಮೊದಲ ಮೂರು ವಾರದ ಫಾರಂ ಬಿಟ್ಟದ್ದಕ್ಕೆ ಕಾರಣ ಹೀಗೆ ಕೊಟ್ಟಿದ್ದರು: ‘ಗ್ರಾಮೀಣ ಮಹಿಳೆಯರಲ್ಲಿ ಅರಿವಿನ ಕೊರತೆಯಿದ್ದ ಕಾರಣ ಉತ್ತರಗಳು ನಂಬಲರ್ಹವಾಗಿರಲಿಲ್ಲ.’

“ಈ ಸಾಲು ತೆಗೀಬೇಕ್ರಿ ಸರ್.”

“ಯಾಕಮ್ಮ? ಆ ಫಾರಂ ಬೇಡ ಅಂತ ಹಟ ಹಿಡಿದಿದ್ದು ನೀವೇ. ಕಾರಣ ಅಂತ ಒಂದು ಬರೀಬೇಕಲ್ಲ.”

“ಅವ್ರಿಗಿ ಅರಿವು ಇತ್ರಿ. ನನಗ ಇರಲಿಲ್ಲ. ನನ್ನ ತಪ್ಪು ಅಂತ ಬರೀರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಮೇಲಿನವರು ಓದ್ತಾರೆ. ಸಮೀಕ್ಷಕಿಯ ತಪ್ಪು ಅಂತ ಬರೆದ ಮೇಲೆ ನಿಮ್ಮ ಕರಾರು ಮುಂದುವರಿಸಿ ಅಂತ ನಾನು ಯಾವ ಬಾಯಲ್ಲಿ ಕೇಳಲಿ? ಒಂದು ಕೆಲಸ ಮಾಡೋಣ. ಅವರ ತಪ್ಪೂ ಬೇಡ, ನಿಮ್ಮದೂ ಬೇಡ. ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದೆ ಅಂತ ಬರೆದುಬಿಡ್ತೀನಿ.”

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನಗೂ ಒಂದು ಗಳಿಗೆ ಹೂಂ ಅನ್ನೋಣ ಅನ್ನಿಸಿತು. ಕೆಲಸ ಹೋದರೆ ಏನೆಂಬುದು ಕರಾರಿನ ಮೇಲೆ ಬದುಕುವವರಿಗೆ ಗೊತ್ತು. ಆದರೆ ತಾಂತ್ರಿಕ ಕಾರಣ ಎಂದು ಬರೆದರೆ ಮುಂದಿನ ವರ್ಷ ಇನ್ನೊಬ್ಬಳು ಇದೇ ಬಾಗಿಲುಗಳಿಗೆ ಹೋಗಿ, ಚಹಾ ಕುಡಿದು, ಮತ್ತೇನನ್ನೋ ಸೆರಗಿಗೆ ಹಾಕಿ, ಐದು ಐದು ಎಂದು ಬರೆದುಕೊಂಡು ಬರುತ್ತಾಳೆ. ಅದನ್ನು ಓದಿದವರು ಈ ಹೆಂಗಸರಿಗೆ ಏನು ಉಣಿಸಿದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ.

“ಬ್ಯಾಡ್ರಿ ಸರ್. ಕರಾರು ಹೋದ್ರ ಹೋಗ್ಲಿ. ಆಗಿದ್ದು ಆದಂಗ ಬರೀರಿ.”

ಅವರು ತಾವು ಬರೆದ ಸಾಲಿನ ಮೇಲೆ ಗೆರೆ ಎಳೆದು, ಕಾಗದವನ್ನು ನನ್ನ ಕಡೆ ಸರಿಸಿದರು. “ನೀವೇ ಬರೀರಿ” ಎಂದರು.

ಬರೆದೆ: ‘ಮೊದಲ ಹಂತದ ಉತ್ತರಗಳನ್ನು ಬಳಸಿಲ್ಲ. ಉತ್ತರಿಸಿದ ಮಹಿಳೆಯರು ಮನೆಗೆ ಬಂದವರೊಡನೆ ನಡೆದುಕೊಳ್ಳಬೇಕಾದಂತೆ ನಡೆದುಕೊಂಡಿದ್ದಾರೆ. ಅವರ ಮನೆಯೊಳಗೆ ಕೂತು, ಪೊಟ್ಟಣವನ್ನು ಕೈಗೆ ಕೊಟ್ಟು, ಬೇಕೋ ಬೇಡವೋ ಎಂದು ಕೇಳಿದ್ದು ಸಮೀಕ್ಷಕಿಯ ತಪ್ಪು.’ ಕೆಳಗೆ ಸಹಿ ಹಾಕಿದೆ.

ಕರಾರು ಆ ತಿಂಗಳಿಗೇ ಮುಗಿಯಿತು. ಆ ಪುಟ ಮಾತ್ರ ನಾನು ಬರೆದಂತೆಯೇ ಅಚ್ಚಾಯಿತು.